ಸ್ಟೌರ್‌ಹೆಡ್ ತೋಟ ನೋಡಲು ಹೋಗುವವರಿಗೆ

ಇಂಗ್ಲೆಂಡಿನ ವಿಲ್ಟ್‌ಷರ್‌ನಲ್ಲಿರುವ ಸ್ಟೌರ್‌ಹೆಡ್‌ಗೆ ಹೋಗುವವರಿಗೆ ಒಂದೇ ಮಾತು: ಹಳ್ಳಿ ಕಡೆಯಿಂದ ನೇರವಾಗಿ ಕೆರೆಗೆ ಇಳಿಯಬೇಡಿ. ದೊಡ್ಡ ಮನೆಯ ಕಡೆಯಿಂದ, ಮರಗಳ ನಡುವೆ ಬನ್ನಿ. ಮೊದಲು ಮೇಲಿನಿಂದ ಕೆರೆ ಕಾಣುತ್ತದೆ. ಆಮೇಲೆ ಕೆರೆಯನ್ನು ಎಡಗೈ ಕಡೆಗೆ ಇಟ್ಟುಕೊಂಡು ಸುತ್ತು ಹಾಕಿ.

ಇದು ತಾನಾಗಿ ಆದ ಕೆರೆ ಅಲ್ಲ. ನಮ್ಮೂರಿನ ಕೆರೆಗಳ ಹಾಗೇ ಕಣಿವೆಗೆ ಅಡ್ಡ ಕಟ್ಟೆ ಹಾಕಿ ನೀರು ನಿಲ್ಲಿಸಿದ್ದು. ಬ್ಯಾಂಕ್ ಮನೆತನದ ಹೆನ್ರಿ ಹೋರ್ 18ನೇ ಶತಮಾನದಲ್ಲಿ ಮಾಡಿಸಿದ ಈ ತೋಟದಲ್ಲಿ ನಡೆಯುತ್ತಾ ಹೋದಂತೆ ನೋಟ ಬದಲಾಗುತ್ತದೆ. ಅದಕ್ಕೇ ಯಾವ ಕಡೆಯಿಂದ ಹೊರಡುತ್ತೀರಿ ಅನ್ನೋದು ಮುಖ್ಯ. ದಾರಿಯಲ್ಲಿ ಗುಹೆಯೊಂದಿದೆ. ಒಳಗೆ ಮಲಗಿರುವ ಜಲಕನ್ಯೆಯ ಮೂರ್ತಿಯ ಕೆಳಗೆ ಒರತೆಯ ನೀರು ಹರಿಯುತ್ತಿರುತ್ತದೆ. ಅಲ್ಲಿ ಸುಮ್ನೆ ಐದು ನಿಮಿಷ ನಿಲ್ಲಿ. ನನಗೆ ಇಡೀ ತೋಟದಲ್ಲಿ ಅದೇ ಜಾಸ್ತಿ ಇಷ್ಟ. ನೆಲ ಒದ್ದೆ, ಮೆಟ್ಟಿಲು ಬೇರೆ, ಅಪ್ಪ ಅಮ್ಮನನ್ನು ಕರೆದುಕೊಂಡು ಹೋದರೆ ಕೈ ಹಿಡಿದುಕೊಳ್ಳಿ.

ರೋಮಿನ ಹಳೇ ಗುಡಿಯ ಮಾದರಿಯಲ್ಲಿ ಕಟ್ಟಿದ, ಗುಮ್ಮಟ ಇರುವ ಪ್ಯಾಂಥಿಯನ್ ದಾಟಿ, ಗ್ರೀಕರ ದೇವರಾದ ಅಪೊಲೊ ಹೆಸರಿನ ಗುಡಿಗೆ ಏರಿ ಇಳಿದರೆ ಕೊನೆಗೆ ಕಲ್ಲಿನ ಸೇತುವೆ. ಫೋಟೋ ಅಲ್ಲಿ ತೆಗೆಯಿರಿ. ನೀರಿನಾಚೆ ಪ್ಯಾಂಥಿಯನ್ ಕಾಣುತ್ತದಲ್ವಾ, ಆ ನೋಟ ಕೊನೆಗೇ ಸಿಗಬೇಕು.

ರೋಡೋಡೆಂಡ್ರನ್ ಹೂವಿಗೆ ಮೇ ಕೊನೆ, ಎಲೆಯ ಬಣ್ಣಕ್ಕೆ ಅಕ್ಟೋಬರ್ ಚೆನ್ನ. 1946ರಿಂದ ತೋಟ ನ್ಯಾಷನಲ್ ಟ್ರಸ್ಟ್ ಎಂಬ, ಹಳೇ ಮನೆ-ತೋಟಗಳನ್ನು ಕಾಪಾಡುವ ಸಂಸ್ಥೆಯ ಕೈಯಲ್ಲಿದೆ, ಸದಸ್ಯರಾಗಿದ್ದರೆ ಕಾರ್ಡ್ ಮರೆಯಬೇಡಿ. ರೈಲಿನಲ್ಲಾದರೆ ಲಂಡನ್ ವಾಟರ್ಲೂನಿಂದ ಡಾರ್ಸೆಟ್‌ನ ಗಿಲ್ಲಿಂಗ್‌ಹ್ಯಾಮ್‌ಗೆ ಬಂದು, ಅಲ್ಲಿಂದ ಟ್ಯಾಕ್ಸಿ ಹಿಡಿಯಬೇಕು. ವಾಪಸ್ ಬರುವ ಟ್ಯಾಕ್ಸಿಯನ್ನೂ ಆಗಲೇ ಮಾತಾಡಿಕೊಂಡುಬಿಡಿ.