ಹಳೇ ಕಾರು ನೋಡೋಕೆ ಮಧ್ಯಾಹ್ನವೇ ಹೋಗಿ

ಕಲಬುರಗಿ ಮಂದಿಗೆ ಒಂದು ಮಾತು. ಕಡಿಮೆ ರೊಕ್ಕದಲ್ಲಿ, ಹಿಂದೆ ಜಾಸ್ತಿ ಸಾಮಾನು ಹಿಡಿಯುವ ಆರಾಮದ ಕಾರು ಹುಡುಕುತ್ತಿದ್ದೀರಾ? ಇಂಡಿಗೊ ಮರೀನಾ, ಬಲೆನೊ ಆಲ್ಟುರಾ ಥರದ, ಹಿಂದೆ ಉದ್ದ ಡಿಕ್ಕಿ ಇರುವ ಎಸ್ಟೇಟ್ ಕಾರುಗಳು ಬರುವುದು ನಿಂತು ಎಷ್ಟೋ ವರ್ಷ ಆಯ್ತು. ಸಿಕ್ಕರೂ ಬಹುತೇಕ 15 ವರ್ಷ ದಾಟಿದವೇ, ಹಾಗಾಗಿ ಆರ್‌ಸಿ ನವೀಕರಣ ಆಗಿದೆಯಾ ಅಂತ ಮೊದಲು ನೋಡಬೇಕು, ಬಿಡಿಭಾಗ ಹುಡುಕುವುದು ಬೇರೆ ತಲೆನೋವು. ನನ್ನ ಕೇಳಿದರೆ ಹಳೇ ಎರ್ಟಿಗಾ ವಾಸಿ. ಹಿಂದಿನ ಸೀಟು ಮಡಚಿದರೆ ಜೋಳದ ಚೀಲವೂ ಹಿಡಿಯುತ್ತದೆ.

ನೋಡೋಕೆ ಮಧ್ಯಾಹ್ನವೇ ಹೋಗಿ. ಎಸಿಯ ಬಂಡವಾಳ ನಮ್ಮ ಬಿಸಿಲಲ್ಲೇ ಹೊರಗೆ ಬರುವುದು. ನಾನು ಬೆಳಿಗ್ಗೆ 7 ಗಂಟೆಗೆ ಹೋಗಿ ಮೋಸ ಹೋದವನು, ಬಿಡಿ. ಎಸಿ ಹಾಕಿಕೊಂಡು ಹುಮನಾಬಾದ್ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ, ಟೆಂಪರೇಚರ್ ಮುಳ್ಳು ಮೇಲೇರುತ್ತಾ ನೋಡಿ.

ಹೈದರಾಬಾದ್, ಸೊಲ್ಲಾಪುರದ ಗಾಡಿ ಅಗ್ಗ ಕಾಣಬಹುದು. ಆದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪ ಇಲ್ಲ ಅನ್ನುವ ಪತ್ರ) ತರಬೇಕು, ಇಲ್ಲಿ ರಸ್ತೆ ತೆರಿಗೆ ಮತ್ತೆ ಕಟ್ಟಬೇಕು, ಆಮೇಲಷ್ಟೇ ನಮ್ಮ ಕಲಬುರಗಿಯ ಕೆಎ 32 ನಂಬರ್. ಅದನ್ನೂ ಸೇರಿಸಿ ಲೆಕ್ಕ ಹಾಕಿ ಚೌಕಾಸಿಗೆ ಕೂತುಕೊಳ್ಳಿ. ಆರ್‌ಸಿಯಲ್ಲಿ ಸಾಲ ಕೊಟ್ಟ ಬ್ಯಾಂಕಿನ ಹೆಸರಿದ್ದರೆ, ಸಾಲ ತೀರಿದೆ ಅಂತ ಬ್ಯಾಂಕ್ ಸಹಿ ಹಾಕಿದ ಫಾರ್ಮ್ 35 ಕೈಗೆ ಬರುವವರೆಗೂ ಪೂರ್ತಿ ರೊಕ್ಕ ಕೊಡಬೇಡಿ.