ಫಿಫ್ತ್ ವೀಲ್‌ನಲ್ಲಿ ಸಂಸಾರ ಹೂಡೋರಿಗೆ

ಹೋದ ವಾರ ಪರಿಚಯದ ಹುಡುಗಿ ಒಬ್ಬಳು ಫೋನ್ ಮಾಡಿದ್ಲು. ಗಂಡ ಹೆಂಡ್ತಿ ಇಬ್ರೂ ಟೆಕ್ಸಾಸ್‌ನಲ್ಲಿದ್ದಾರೆ, ಇಬ್ರಿಗೂ ಮನೆಯಿಂದಲೇ ಕೆಲಸ, ಸೆಕೆಂಡ್ ಹ್ಯಾಂಡ್ ಫಿಫ್ತ್ ವೀಲ್ ಒಂದು, ಅಂದ್ರೆ ಟ್ರಕ್ ಹಿಂದೆ ಎಳ್ಕೊಂಡು ಹೋಗೋ ಗಾಲಿ ಮನೆ, ತಗೊಂಡಿದ್ದಾರೆ, ಅಪಾರ್ಟ್‌ಮೆಂಟ್ ಬಿಟ್ಟು ವರ್ಷಪೂರ್ತಿ ಅದರಲ್ಲೇ ಇರೋ ಯೋಚನೆ. ಆಂಟಿ, ಕಿಚನ್ ಕ್ಯಾಬಿನೆಟ್‌ಗೆ ಯಾವ ಬಣ್ಣ ಹೊಡೀಲಿ, ಸೋಫಾ ಕಿತ್ತು ಡೆಸ್ಕ್ ಹಾಕ್ಸಲಾ ಅಂತ ಕೇಳಿದ್ಲು. ಮೊದಲು ಏಣಿ ಹತ್ತಿ ರೂಫ್ ಫೋಟೋ ತೆಗೆದು ಕಳ್ಸಮ್ಮಾ, ಬಣ್ಣ ಆಮೇಲೆ ನೋಡೋಣ ಅಂದೆ. ನಾನೂ ನಮ್ಮೆಜಮಾನ್ರೂ ನ್ಯೂಜೆರ್ಸಿ ಮನೆ ಮಾರಿ ಈ ಗಾಲಿ ಮನೆಗೆ ಬಂದು ಇದು ಏಳನೇ ವರ್ಷ, ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೀತೀನಿ, ಇನ್ಯಾರಿಗಾದ್ರೂ ಉಪಯೋಗಕ್ಕೆ ಬರಬಹುದು.

ಗೊತ್ತಿಲ್ದೋರಿಗೆ ಹೇಳ್ಬೇಕು ಅಂದ್ರೆ, ಪಿಕಪ್ ಟ್ರಕ್‌ನ ಹಿಂದಿನ ತೊಟ್ಟಿಯೊಳಗೆ ಒಂದು ಹಿಚ್, ಅಂದ್ರೆ ಕೊಂಡಿ, ಕೂರಿಸಿರ್ತಾರೆ, ಟ್ರೇಲರ್ ಮುಂದಿನ ಮೂಗಿನ ಕೆಳಗಿರೋ ಕಿಂಗ್ ಪಿನ್ ಅನ್ನೋ ದಪ್ಪ ಕಬ್ಬಿಣದ ಗೂಟ ಬಂದು ಅದಕ್ಕೆ ಕಚ್ಕೊಳತ್ತೆ. ಆ ಮೂಗಿನ ಮೇಲೆ ಸಾಮಾನ್ಯವಾಗಿ ಬೆಡ್‌ರೂಮ್ ಇರತ್ತೆ. ಪಾರ್ಕಿಗೆ, ಅಂದ್ರೆ ಇಂಥ ಗಾಡಿಗಳು ಬಾಡಿಗೆಗೆ ನಿಲ್ಲೋ ಜಾಗಕ್ಕೆ, ಹೋಗಿ ಮನೆ ಇಳಿಸಿಬಿಟ್ರೆ ಟ್ರಕ್ ತಗೊಂಡು ಪೇಟೆಗೆ ಹೋಗಿ ಬರಬಹುದು.

ಎಲ್ಲಕ್ಕಿಂತ ಮೊದಲು ಭಾರದ ಲೆಕ್ಕ. ನಮಗೆ ಗಾಡಿ ಮಾರಿದ ಹುಡುಗ ನಿಮ್ಮ ಟ್ರಕ್ ಆರಾಮಾಗಿ ಎಳೆಯತ್ತೆ ಸಾರ್ ಅಂದ, ಎಳೆಯೋದೇನೋ ಎಳೆಯತ್ತೆ, ಆದ್ರೆ ಫಿಫ್ತ್ ವೀಲ್‌ನಲ್ಲಿ ಒಟ್ಟು ತೂಕದ ಸುಮಾರು ಐದನೇ ಒಂದು ಪಾಲು ಟ್ರಕ್ ಬೆನ್ನ ಮೇಲೇ ಕೂರತ್ತೆ ಅನ್ನೋದನ್ನ ಅವನು ಹೇಳ್ಲಿಲ್ಲ. 14,000 ಪೌಂಡ್ ಗಾಡಿ ಅಂದ್ರೆ ಹೆಚ್ಚುಕಮ್ಮಿ 2,800 ಪೌಂಡ್ ಟ್ರಕ್ ಮೇಲೆ. ಟ್ರಕ್ ಎಷ್ಟು ಹೊರಬಹುದು ಅನ್ನೋದು ಡ್ರೈವರ್ ಬಾಗಿಲು ತೆಗೆದ್ರೆ ಪಕ್ಕದ ಕಂಬದಲ್ಲಿ ಸ್ಟಿಕರ್ ಮೇಲೆ ಬರೆದಿರತ್ತೆ, ಅದರಲ್ಲೇ ನೀವಿಬ್ರೂ ಸಾಮಾನೂ ಹಿಚ್ಚೂ ಎಲ್ಲಾ ಬರಬೇಕು. ನಾವು ಮೊದಲನೇ ವರ್ಷವೇ ಟ್ರಕ್ ಬದಲಾಯಿಸ್ಬೇಕಾಯ್ತು, ಅಷ್ಟು ದುಡ್ಡು ಸುಮ್ನೆ ಹೋಯ್ತಲ್ಲಾ ಅಂತ ಇವತ್ತಿಗೂ ಹೊಟ್ಟೆ ಉರಿಯತ್ತೆ. ಗಾಡಿಗೂ ಒಂದು ಸ್ಟಿಕರ್ ಇದೆ, ಒಳಗೆ ಎಷ್ಟು ಸಾಮಾನು ತುಂಬಬಹುದು ಅಂತ. ನಮ್ಮನೆ ಸಾಮಾನು ಗೊತ್ತಲ್ಲ, ಕಲ್ಲಿನ ಗ್ರೈಂಡರ್, ಕಬ್ಬಿಣದ ದೋಸೆ ಹಂಚು, ಅಕ್ಕಿ ಮೂಟೆ, ಬೇಳೆ ಡಬ್ಬ, ಸ್ಟೀಲ್ ಪಾತ್ರೆ. ನೀರಂತೂ ಗ್ಯಾಲನ್‌ಗೆ 8.3 ಪೌಂಡ್, 60 ಗ್ಯಾಲನ್ ಟ್ಯಾಂಕ್ ತುಂಬಿಸ್ಕೊಂಡು ಹೊರಟ್ರೆ 500 ಪೌಂಡ್ ಅದೇ ಆಯ್ತು. ಎಲ್ಲಾ ತುಂಬಿದ್ಮೇಲೆ ಹೈವೇ ಟ್ರಕ್ ಸ್ಟಾಪ್‌ನಲ್ಲಿ ಲಾರಿಗಳು ತೂಗಿಸೋ ಕ್ಯಾಟ್ ಸ್ಕೇಲ್ ಮೇಲೆ ನಿಲ್ಲಿಸಿ ಚೀಟಿ ತಗೊಳ್ಳಿ, ಯಾವ ಆಕ್ಸಲ್ (ಗಾಲಿಗಳ ಅಚ್ಚು) ಮೇಲೆ ಎಷ್ಟು ಅಂತ ಬೇರೆಬೇರೆ ಬರತ್ತೆ. ನಾನು ಆ ಚೀಟಿ ನೋಡಿದ್ಮೇಲೆ ಎರಡು ಡಬ್ಬ ತುಂಬ ಪಾತ್ರೆ ಮಗಳ ಮನೇಲಿ ಇಟ್ಟು ಬಂದೆ.

ಎರಡನೇದು ರೂಫು. ಮೂರು ತಿಂಗಳಿಗೊಂದ್ಸಲ ಹತ್ತಿ ನೋಡ್ಲೇಬೇಕು, ವೆಂಟ್, ಸ್ಕೈಲೈಟ್, ಏಸಿ, ಆಂಟೆನಾ ಹೀಗೆ ಎಲ್ಲೆಲ್ಲಿ ತೂತು ಕೊರೆದಿದ್ದಾರೋ ಅದರ ಸುತ್ತ ನೀರು ಇಳೀದಿರ್ಲಿ ಅಂತ ಹಚ್ಚಿರೋ ಅಂಟು, ಅಂದ್ರೆ ಸೀಲಂಟ್, ಬಿರುಕು ಬಿಟ್ಟಿದ್ಯಾ ಅಂತ. ನಮ್ಮ ಬಚ್ಚಲು ಸ್ಕೈಲೈಟ್ ಪಕ್ಕ ಟೀ ಬಣ್ಣದ ಕಲೆ ಒಂದು ಕಾಣಿಸಿತ್ತು, ಹಳೇ ಕಲೆ ಇರಬೇಕು ಅಂತ ಸುಮ್ನಿದ್ದೆ, ಒಂದಿನ ಬೆರಳಿಟ್ಟು ಒತ್ತಿದ್ರೆ ನೆನೆಸಿದ ಅವಲಕ್ಕಿ ಥರ ಒಳಗೆ ಹೋಯ್ತು. ಎರಡಡಿ ಪ್ಲೈವುಡ್ ಕಿತ್ತು ಹಾಕಿಸ್ಬೇಕಾಯ್ತು. ಮೇಲೆ ಚಪ್ಪಟೆ ಜಾಗಕ್ಕೆ ತಾನೇ ಹರಡಿಕೊಳ್ಳೋ ಸೆಲ್ಫ್ ಲೆವೆಲಿಂಗ್ ಸೀಲಂಟ್, ನಿಂತಿರೋ ಗೋಡೆಗೆ ಜಾರದೇ ಇರೋದು, ಎರಡೂ ಬೇರೆ, ಕೊಳ್ಳುವಾಗ ನಿಮ್ಮ ರೂಫ್ ರಬ್ಬರಾ ಟಿಪಿಓ ಅನ್ನೋ ಪ್ಲಾಸ್ಟಿಕ್ ಹಾಳೆನಾ ಅಂತ ತಿಳ್ಕೊಂಡು ತಗೊಳ್ಳಿ.

ಟೈರ್ ಬಗ್ಗೆ ಬೇಗ ಹೇಳ್ಬಿಡ್ತೀನಿ. ಟ್ರೇಲರ್ ಟೈರು ಸವೆದು ಹಾಳಾಗೋದಕ್ಕಿಂತ ಮುಂಚೆ ವಯಸ್ಸಾಗಿ ಹಾಳಾಗತ್ತೆ, ನೋಡೋಕೆ ಹೊಸದರಂತೆ ಇರತ್ತೆ. ಟೈರಿನ ಪಕ್ಕದಲ್ಲಿ DOT ಅಂತ ಶುರುವಾಗೋ ನಂಬರಿನ ಕೊನೇ ನಾಕು ಅಂಕಿ ನೋಡಿ, 3521 ಅಂದ್ರೆ 2021ರ 35ನೇ ವಾರದ್ದು. ನಾವು ಐದು ವರ್ಷ ದಾಟಿದ್ರೆ ಇಟ್ಕೊಳಲ್ಲ, 60 ಮೈಲಿ ಸ್ಪೀಡ್ ದಾಟಲ್ಲ.

ಇನ್ನು ನೀರು. ಪಾರ್ಕಿನ ನಲ್ಲಿಗೆ ನೇರವಾಗಿ ಪೈಪ್ ಸಿಗಿಸ್ಬೇಡಿ, ಮೊದಲು ಪ್ರೆಶರ್ ರೆಗ್ಯುಲೇಟರ್, ಗೇಜ್ ಇರೋದು ತಗೊಂಡು 50 ಪಿಎಸ್‌ಐ ಆಸುಪಾಸು ಇಟ್ಕೊಳ್ಳಿ, ಇಲ್ದಿದ್ರೆ ಒಳಗಿನ ಪ್ಲಾಸ್ಟಿಕ್ ಜಾಯಿಂಟ್ ಬಿಟ್ಕೊಂಡು ನೆಲವೆಲ್ಲ ಕೆರೆ ಆಗತ್ತೆ. ಹಳೇ ಗಾಡಿ ಆದ್ರೆ ಬಂದ ದಿನವೇ ಒಳ್ಳೇ ನೀರಿನ ಟ್ಯಾಂಕ್ ತೊಳೀಬೇಕು, 15 ಗ್ಯಾಲನ್‌ಗೆ ಕಾಲು ಕಪ್ ಪರಿಮಳ ಇಲ್ದಿರೋ ಬ್ಲೀಚು, ಎಲ್ಲಾ ನಲ್ಲಿ ಬಿಟ್ಟು ವಾಸನೆ ಬರೋ ತನಕ ಹರಿಸಿ, ನಾಕು ಗಂಟೆ ಬಿಟ್ಟು, ಆಮೇಲೆ ವಾಸನೆ ಹೋಗೋ ತನಕ ಒಳ್ಳೇ ನೀರು.

ಬ್ಲ್ಯಾಕ್ ಟ್ಯಾಂಕ್ ಅಂದ್ರೆ ಕಕ್ಕಸಿನ ಟ್ಯಾಂಕ್, ಅಡುಗೆ ಸ್ನಾನದ ನೀರಿಗೆ ಗ್ರೇ ಟ್ಯಾಂಕ್ ಬೇರೆ. ಪಾರ್ಕಲ್ಲಿ ಸೀವರ್ (ಒಳಚರಂಡಿ) ಕನೆಕ್ಷನ್ ಇದೆ ಅಂತ ಬ್ಲ್ಯಾಕ್ ಟ್ಯಾಂಕ್ ವಾಲ್ವ್ ಯಾವಾಗ್ಲೂ ತೆರೆದಿಡೋರು ಇದ್ದಾರೆ, ಅದನ್ನ ಮಾತ್ರ ಮಾಡ್ಬೇಡಿ, ನೀರು ಹರಿದು ಹೋಗಿ ಗಟ್ಟಿದು ಒಳಗೇ ಗುಡ್ಡೆ ಆಗಿ ಒಣಗತ್ತೆ. ಮುಚ್ಚಿಟ್ಟು, ಮೂರನೇ ಎರಡು ಪಾಲು ತುಂಬಿದ್ಮೇಲೆ ಒಂದೇ ಸಲ ಬಿಡಿ, ಹಿಂದೆಯೇ ಗ್ರೇ ಟ್ಯಾಂಕ್ ಬಿಟ್ರೆ ಸೋಪಿನ ನೀರು ಪೈಪ್ ತೊಳೆಯತ್ತೆ. ನಾವು ನೀರು ಉಪಯೋಗಿಸೋ ಜನ, ಅದು ಇಲ್ಲಿ ಒಳ್ಳೇದೇ ಆಯ್ತು, ಆ ಟ್ಯಾಂಕಿಗೆ ನೀರೇ ಔಷಧಿ, ಬೇಗ ತುಂಬತ್ತೆ ಅಷ್ಟೇ. ಗ್ರೇ ಟ್ಯಾಂಕಿಗೆ ನಮ್ಮ ಅಡುಗೆಯೇ ಶತ್ರು. ಸಾರಿನ ತಳ, ಗಂಜಿ, ಕರಿದ ಎಣ್ಣೆ ಸಿಂಕಿಗೆ ಹೋದ್ರೆ ಬೇಸಿಗೇಲಿ ಎರಡೇ ದಿನಕ್ಕೆ ಹಳಸಿದ ವಾಸನೆ ಮನೆಗೆಲ್ಲ ಬರತ್ತೆ. ಪಾತ್ರೆ, ಬಾಣಲೆ ಮೊದಲು ಪೇಪರ್‌ನಲ್ಲಿ ಒರೆಸಿ ಕಸಕ್ಕೆ ಹಾಕಿ ಆಮೇಲೆ ತೊಳೀರಿ.

ಕರೆಂಟ್ ವಿಷಯಕ್ಕೆ ಬಂದ್ರೆ, 50 ಆಂಪ್ ಕನೆಕ್ಷನ್ ಅಂದ್ರೆ 12,000 ವ್ಯಾಟ್, 30 ಆಂಪ್ ಅಂದ್ರೆ ಬರೀ 3,600, ಹೆಸರು ಕೇಳಿದ್ರೆ ಅರ್ಧಕ್ಕಿಂತ ಜಾಸ್ತಿ ಅನ್ಸತ್ತೆ, ನಿಜಕ್ಕೂ ಮೂರನೇ ಒಂದು ಪಾಲೂ ಇಲ್ಲ. ಯಾಕಂದ್ರೆ 50ರಲ್ಲಿ ಎರಡು ಲೈನ್ ಬರತ್ತೆ. 30ರಲ್ಲಿ ಇದ್ದಾಗ ನಾನು ಇಂಡಕ್ಷನ್ ಹಚ್ಚಿದ್ರೆ ಮೈಕ್ರೋವೇವ್ ಮುಟ್ಟಲ್ಲ, ಗ್ರೈಂಡರ್‌ಗೆ ಹಿಟ್ಟು ಹಾಕೋದು ಏಸಿ ಬೇಡದ ಬೆಳಗಿನ ಹೊತ್ತು. ವೋಲ್ಟೇಜ್ ಇಳಿದ್ರೂ ವೈರಿಂಗ್ ತಪ್ಪಿದ್ರೂ ತಾನೇ ಕಟ್ ಮಾಡೋ ಒಳ್ಳೇ ಸರ್ಜ್ ಪ್ರೊಟೆಕ್ಟರ್ ತಗೊಳ್ಳಿ, ಕ್ಯಾಬಿನೆಟ್ ಬಣ್ಣಕ್ಕೆ ಇಟ್ಟ ದುಡ್ಡು ಇದಕ್ಕೆ ಹೋಗ್ಲಿ. ಸೋಲಾರ್, ಲಿಥಿಯಂ ಬ್ಯಾಟರಿ ಎಲ್ಲಾ ಒಂದು ಸೀಸನ್ ಕಳೆದ್ಮೇಲೆ. ಅರಿಜೋನಾದ ಕ್ವಾರ್ಟ್ಸೈಟ್ ಮರಳುಗಾಡಲ್ಲಿ ಕರೆಂಟ್ ಕನೆಕ್ಷನ್ ಇಲ್ದೆ ಚಳಿಗಾಲ ಕಳೆಯೋರಿಗೆ ಅದು ಬೇಕೇಬೇಕು, ಯಾವಾಗ್ಲೂ ಪಾರ್ಕಲ್ಲೇ ಇರೋರಿಗೆ ಅಷ್ಟು ಅವಸರ ಇಲ್ಲ. ಹಾಕಿಸಿದ್ರೆ ಒಂದು ಎಚ್ಚರಿಕೆ, ಲಿಥಿಯಂ ಬ್ಯಾಟರಿ ಶೂನ್ಯ ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದಾಗ ಚಾರ್ಜ್ ಮಾಡಿದ್ರೆ ಕೆಟ್ಟುಹೋಗತ್ತೆ, ಹೀಟರ್ ಇರೋದು ತಗೊಳ್ಳಿ.

ಅಡುಗೆಮನೆಗೆ ನಾನು ಮಾಡಿಸಿದ ಒಂದೇ ದೊಡ್ಡ ಖರ್ಚು ರೂಫ್ ಫ್ಯಾನ್. ಒಗ್ಗರಣೆ ಹಾಕಿದ್ರೆ ಸ್ಮೋಕ್ ಅಲಾರಂ ಕಿರುಚತ್ತೆ, ಅದರ ಬ್ಯಾಟರಿ ಯಾವ ಕಾರಣಕ್ಕೂ ತೆಗೀಬೇಡಿ, ಒಲೆ ಮೇಲಿನ ಚಿಮಣಿ ಫ್ಯಾನಿಗೆ ಹೊರಗಡೆ ಗೋಡೇಲಿ ಸಣ್ಣ ಮುಚ್ಚಳ ಇರತ್ತೆ, ಓಡ್ತಿರುವಾಗ ತೆರೀದಿರ್ಲಿ ಅಂತ ಕ್ಲಿಪ್ ಹಾಕಿರ್ತಾರೆ, ಅದನ್ನ ತೆಗೆದಿದ್ದೀರಾ ನೋಡಿ. ನಾನು ನಾಕು ತಿಂಗಳು ಮುಚ್ಚಿದ ಮುಚ್ಚಳಕ್ಕೇ ಹೊಗೆ ಊದಿದ್ದೀನಿ. ಪ್ರೊಪೇನ್ ಉರಿದ್ರೂ ನೀರಾವಿ ಬರತ್ತೆ, ಕುಕ್ಕರ್ ಕೂಗಿದ್ರೂ ಬರತ್ತೆ, ಚಳಿಗಾಲದಲ್ಲಿ ಅದೆಲ್ಲ ಕಿಟಕಿ ಮೇಲೆ, ಹಾಸಿಗೆ ಅಡಿ ಕೂತು ಬೂಸ್ಟು ಹಿಡಿಯತ್ತೆ. ಗಾಳಿಯ ತೇವ ಹೀರೋ ಸಣ್ಣ ಡೀಹ್ಯೂಮಿಡಿಫೈಯರ್ ಒಂದಿಡಿ, ಹಾಸಿಗೆ ವಾರಕ್ಕೊಂದ್ಸಲ ಎತ್ತಿ ನಿಲ್ಲಿಸಿ. ಗ್ಯಾಸ್ ಡಿಟೆಕ್ಟರ್ ನೆಲದ ಹತ್ತಿರ ಇರತ್ತೆ, ಪ್ರೊಪೇನ್ ಗಾಳಿಗಿಂತ ಭಾರ ಅಂತ, ಅದರ ಮುಂದೆ ಚೀಲ ಗೀಲ ಇಡ್ಬೇಡಿ, ಹಿಂದುಗಡೆ ಅವಧಿ ಮುಗಿಯೋ ತಾರೀಖು ನೋಡಿ.

ಒಂದು ಬೇಜಾರಿನ ವಿಷಯ ಹೇಳ್ಬೇಕು. ನನ್ನ ಕರಿಬೇವಿನ ಗಿಡ ಹತ್ತು ವರ್ಷದ್ದು, ಕುಂಡದಲ್ಲೇ ಜೊತೆಗೆ ತರೋಣ ಅಂದ್ಕೊಂಡಿದ್ದೆ. ಕಿತ್ತಳೆ ನಿಂಬೆ ತೋಟಕ್ಕೆ ರೋಗ ಹರಡೋ ಸಣ್ಣ ಹುಳ ಕರಿಬೇವಿನ ಮೇಲೂ ಬದುಕತ್ತೆ, ಅದಕ್ಕೇ ಅದನ್ನ ರಾಜ್ಯದಿಂದ ರಾಜ್ಯಕ್ಕೆ ಸಾಗಿಸೋಕೆ ಕಟ್ಟುನಿಟ್ಟು ಇದೆ, ಕ್ಯಾಲಿಫೋರ್ನಿಯಾ ಗಡಿಯಲ್ಲಿ ಗಾಡಿ ನಿಲ್ಲಿಸಿ ಗಿಡ ಹಣ್ಣು ಇದ್ಯಾ ಅಂತ ಕೇಳ್ತಾರೆ. ಅದು ಸರಿಯಾದ ಕಾನೂನೇ, ರೈತರ ಬದುಕು ಅದು. ಗಿಡ ಪಕ್ಕದ ಮನೆಯವರಿಗೆ ಕೊಟ್ಟು ಬಂದೆ, ಈಗ ಹೋದ ಊರಿನ ಇಂಡಿಯನ್ ಸ್ಟೋರ್‌ನಲ್ಲಿ ಅಷ್ಟಷ್ಟೇ ಕೊಳ್ತೀನಿ.

ಹೊರಡೋ ದಿನದ ಪದ್ಧತಿ ಒಂದು ಕಲ್ತುಕೊಳ್ಳಿ. ನಮ್ಮೆಜಮಾನ್ರು ಹಿಚ್ ಹಾಕುವಾಗ ನಾನು ಒಂದು ಮಾತೂ ಆಡಲ್ಲ, ಫೋನ್ ಬಂದ್ರೆ ಅವರೂ ಎತ್ತಲ್ಲ. ಹಿಚ್ಚಿನ ದವಡೆ ಪಿನ್ನಿನ ಸುತ್ತ ಪೂರ್ತಿ ಮುಚ್ಚಿದ್ಯಾ ಅಂತ ಅವರು ಟಾರ್ಚ್ ಹಾಕಿ ನೋಡ್ತಾರೆ, ಆಮೇಲೆ ನಾನು ಬಗ್ಗಿ ನೋಡ್ತೀನಿ, ಟ್ರೇಲರ್ ನಿಲ್ಲಿಸಿದಾಗ ಊರೋ ಮುಂದಿನ ಕಾಲುಗಳು ಇನ್ನೂ ನೆಲದ ಹತ್ತಿರ ಇರುವಾಗಲೇ ಟ್ರೇಲರ್ ಬ್ರೇಕ್ ಹಿಡಿದು ಟ್ರಕ್ಕನ್ನ ಮೆಲ್ಲಗೆ ಒಂದ್ಸಲ ಎಳೀತಾರೆ. ಕಚ್ಕೊಂಡಿಲ್ಲ ಅಂದ್ರೆ ಅಲ್ಲೇ ಗೊತ್ತಾಗತ್ತೆ, ಇಲ್ದಿದ್ರೆ ರಸ್ತೇಲಿ ಇಡೀ ಮನೆ ಟ್ರಕ್ಕಿನ ಮೈಮೇಲೆ ಬೀಳತ್ತೆ. ತಗ್ಗು ಸೇತುವೆ ಕೆಳಗೆ ಸಿಕ್ಕಿಹಾಕ್ಕೊಳ್ದಿರೋಕೆ ಗಾಡಿ ಎತ್ತರ ಅಳೆದು ಚೀಟಿ ಬರೆದು ಸ್ಟೀರಿಂಗ್ ಮುಂದೆ ಅಂಟಿಸಿ, ನಮ್ಮದು 13 ಅಡಿ 2 ಇಂಚು.

ಕಾಗದಪತ್ರ ಅಂದ್ರೆ ಇಷ್ಟೇ, ಇನ್ಶೂರೆನ್ಸಿನವರಿಗೆ ನಾವು ಇದರಲ್ಲೇ ವಾಸ ಅಂತ ಬರವಣಿಗೆಯಲ್ಲಿ ತಿಳಿಸಿ ಫುಲ್‌ಟೈಮರ್ ಪಾಲಿಸಿ ತಗೊಳ್ಳಿ, ಹೊಸ ಗಾಡಿ ಆದ್ರೆ ಪೂರ್ತಿ ವಾಸಕ್ಕೆ ವಾರಂಟಿ ನಡೆಯತ್ತಾ ಅಂತ ಓದಿ ನೋಡಿ, ಸುಮಾರು ಕಂಪನಿಗಳದ್ದು ನಡೆಯಲ್ಲ.

ಆ ಹುಡುಗಿ ನಿನ್ನೆ ರೂಫ್ ಫೋಟೋ ಕಳ್ಸಿದಾಳೆ. ಅಡುಗೆಮನೆ ವೆಂಟ್ ಸುತ್ತ ಎರಡು ಕಡೆ ಸೀಲಂಟ್ ಬಾಯಿ ಬಿಟ್ಟಿದೆ. ಶನಿವಾರ ಬಿಸಿಲಿದೆಯಂತೆ, ಗಂಡ ಏಣಿ ಹಿಡ್ಕೊಳ್ಳಿ, ನೀನು ಮೇಲೆ ಹತ್ತಿ ಚೆನ್ನಾಗಿ ಒರೆಸಿ ಒಣಗಿಸಿ ಹಚ್ಚು ಅಂದಿದ್ದೀನಿ.