ದಸರಾ ಮುಗಿದ ಮೇಲೆ ಶುರುವಾಗುವ ಕ್ರಿಸ್‌ಮಸ್ ಕೇಕ್

ಕ್ರಿಸ್‌ಮಸ್ ಕೇಕನ್ನು ತಿನ್ನುವುದು ಡಿಸೆಂಬರ್ ಕೊನೆಯಲ್ಲಾದರೂ ಅದರ ಕೆಲಸ ಶುರುವಾಗಬೇಕಾದದ್ದು ದಸರಾ ಗೊಂಬೆಗಳನ್ನು ಮತ್ತೆ ಪೆಟ್ಟಿಗೆಗೆ ಸೇರಿಸುವ ಹೊತ್ತಿಗೆ. ಬೆಂಗಳೂರಿನ ಆಂಗ್ಲೋ ಇಂಡಿಯನ್ ಮನೆಗಳಲ್ಲಿ, ಕೋಲಾರದ ಚಿನ್ನದ ಗಣಿಯ ಹಳೆಯ ಬಡಾವಣೆಗಳಲ್ಲಿ, ಮಂಗಳೂರಿನ ಕ್ಯಾಥೊಲಿಕ್ ಕುಟುಂಬಗಳಲ್ಲಿ ಒಣಹಣ್ಣುಗಳನ್ನು ಹೆಚ್ಚಿ ನೆನೆಹಾಕುವ ಕೆಲಸ ಹಬ್ಬಕ್ಕೆ ಎರಡು ತಿಂಗಳು ಮೊದಲೇ ನಡೆಯುತ್ತದೆ. ಡಿಸೆಂಬರ್ 23ರಂದು ಹಣ್ಣು ಕೊಂಡು ತಂದು ಮರುದಿನ ಬೇಯಿಸಿದರೆ ಕೇಕ್ ಆಗುವುದಿಲ್ಲವೆಂದಲ್ಲ, ಆದರೆ ಅದರಲ್ಲಿ ಹಣ್ಣು, ಮಸಾಲೆ, ಹಿಟ್ಟು ಮೂರೂ ಬೇರೆಬೇರೆಯಾಗಿ ನಾಲಿಗೆಗೆ ಸಿಗುತ್ತವೆ. ಅವು ಒಂದಕ್ಕೊಂದು ಬೆರೆಯಲು ವಾರಗಳೇ ಬೇಕು. ಹಾಗಾಗಿ ಈ ಕೇಕನ್ನು ಒಂದು ದಿನದ ಅಡುಗೆ ಎಂದುಕೊಳ್ಳದೆ, ಹಿಂಗಾರು ಮಳೆಯಿಂದ ಮಾಗಿಯ ಚಳಿಯವರೆಗೆ ಆಗಾಗ ಸ್ವಲ್ಪ ಸ್ವಲ್ಪ ಮಾಡುವ ಕೆಲಸವೆಂದು ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಪ್ಲಮ್ ಕೇಕ್ ಎಂದೂ ಕರೆಯುವ ಈ ಕೇಕ್ ಇಂಗ್ಲೆಂಡಿನಿಂದ ಬಂದ ತಿನಿಸಾದರೂ ನಮ್ಮ ಕಡೆ ಅದು ಇಲ್ಲಿನ ಸಾಮಗ್ರಿಗಳಿಂದಲೇ ಬೆಳೆದಿದೆ. ಕೇರಳದ ತಲಶ್ಶೇರಿಯಲ್ಲಿ ಬೇಕರಿ ನಡೆಸುತ್ತಿದ್ದ ಮಂಬಳ್ಳಿ ಬಾಪು ಅವರು 1883ರಲ್ಲಿ ಮರ್ಡಾಕ್ ಬ್ರೌನ್ ಎಂಬ ತೋಟದ ಮಾಲೀಕರ ಕೋರಿಕೆಯ ಮೇರೆಗೆ ಕ್ರಿಸ್‌ಮಸ್ ಕೇಕ್ ತಯಾರಿಸಿದರೆಂದೂ, ಅದಕ್ಕೆ ಫ್ರೆಂಚ್ ಬ್ರಾಂದಿಯ ಬದಲು ಗೇರುಹಣ್ಣು ಮತ್ತು ಬಾಳೆಹಣ್ಣಿನಿಂದ ಇಳಿಸಿದ ಸ್ಥಳೀಯ ಮದ್ಯವನ್ನು ಬಳಸಿದರೆಂದೂ ಆ ಮನೆತನದವರು ಹೇಳಿಕೊಂಡು ಬಂದಿದ್ದಾರೆ. ಪಪ್ಪಾಯಿಕಾಯಿಯ ಟೂಟಿ ಫ್ರೂಟಿ, ಗೋಡಂಬಿ, ಏಲಕ್ಕಿಗಳು ಈ ಕೇಕಿಗೆ ಸೇರಿದ್ದೂ ಇದೇ ಬಗೆಯಲ್ಲಿ. ಆದ್ದರಿಂದ ಸಿಗದ ಹಣ್ಣಿಗಾಗಿ ದುಬಾರಿ ಅಂಗಡಿಗಳನ್ನು ಹುಡುಕಿಕೊಂಡು ಹೋಗಬೇಕಾದ ಅಗತ್ಯವಿಲ್ಲ.

ಅಕ್ಟೋಬರ್: ಹಣ್ಣು ನೆನೆಹಾಕುವುದು

ಸುಮಾರು ಎರಡು ಕೆಜಿ ತೂಗುವ ಒಂದು ಕೇಕಿಗೆ ಒಟ್ಟು 500 ಗ್ರಾಂ ಒಣಹಣ್ಣು ಸಾಕು. ಕಪ್ಪು ಒಣದ್ರಾಕ್ಷಿ 150 ಗ್ರಾಂ, ಹಳದಿ ಒಣದ್ರಾಕ್ಷಿ 100 ಗ್ರಾಂ, ಬೀಜ ತೆಗೆದ ಖರ್ಜೂರ 100 ಗ್ರಾಂ, ಅಂಜೂರ 50 ಗ್ರಾಂ, ಉಳಿದ 100 ಗ್ರಾಮಿನಲ್ಲಿ ಟೂಟಿ ಫ್ರೂಟಿ, ಸಕ್ಕರೆ ಪಾಕದ ಕಿತ್ತಳೆ ಸಿಪ್ಪೆ ಮತ್ತು ಸಕ್ಕರೆ ಕಟ್ಟಿದ ಶುಂಠಿ ಇರಲಿ. ಕೆಂಪು ಬಣ್ಣ ಹಾಕಿದ ಚೆರಿ ನೋಡಲು ಚಂದ, ರುಚಿಗೆ ಅದರಿಂದ ಹೆಚ್ಚೇನೂ ಲಾಭವಿಲ್ಲ. ಖರ್ಜೂರ, ಅಂಜೂರಗಳನ್ನು ದ್ರಾಕ್ಷಿಯಷ್ಟೇ ಚಿಕ್ಕದಾಗಿ ಹೆಚ್ಚಬೇಕು, ಏಕೆಂದರೆ ದೊಡ್ಡ ತುಂಡುಗಳಿದ್ದಲ್ಲಿ ಕತ್ತರಿಸುವಾಗ ಕೇಕ್ ಒಡೆಯುತ್ತದೆ.

ಅಕ್ಟೋಬರ್‌ನಲ್ಲಿ ಗಾಳಿಯಲ್ಲಿ ಇನ್ನೂ ಮಳೆಯ ತೇವವಿರುತ್ತದೆ ಎಂಬುದನ್ನು ಇಲ್ಲಿ ಮರೆಯಬಾರದು. ತೊಳೆದ ದ್ರಾಕ್ಷಿಯನ್ನು ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿ, ಗಾಜಿನ ಜಾಡಿಯನ್ನು ಕುದಿನೀರಿನಲ್ಲಿ ತೊಳೆದು ಬಿಸಿಲಿನಲ್ಲಿ ಒಣಗಿಸಿಕೊಂಡ ಮೇಲೆಯೇ ಹಣ್ಣು ತುಂಬಬೇಕು. ಉಪ್ಪಿನಕಾಯಿ ಹಾಕುವಾಗ ಪಾಲಿಸುವ ಮಡಿಯೇ ಇದಕ್ಕೂ ಬೇಕು. ಹಣ್ಣಿನ ಮೇಲೆ 250 ಮಿಲಿ ಡಾರ್ಕ್ ರಮ್ ಸುರಿದು, ಬಿಗಿಯಾಗಿ ಮುಚ್ಚಳ ಹಾಕಿ, ಬಿಸಿಲು ತಾಗದ ಕಪಾಟಿನಲ್ಲಿಡಿ. ಮೂರು ನಾಲ್ಕು ದಿನಕ್ಕೊಮ್ಮೆ ಜಾಡಿಯನ್ನು ತಲೆಕೆಳಗು ಮಾಡಿ ಅಲುಗಾಡಿಸಿದರೆ ಮೇಲಿನ ಹಣ್ಣಿಗೂ ರಸ ತಲುಪುತ್ತದೆ. ಗೋಡಂಬಿಯನ್ನು ಈಗ ಸೇರಿಸಬಾರದು, ಅದು ನೆಂದು ಮೆತ್ತಗಾಗಿ ತನ್ನ ಗರಿಗರಿಯನ್ನು ಕಳೆದುಕೊಳ್ಳುತ್ತದೆ.

ರಮ್ ಬಳಸದ ಮನೆಗಳು ಹಲವು, ಆ ಮನೆಗಳ ಕೇಕ್ ಯಾವ ರೀತಿಯಲ್ಲೂ ಕಡಿಮೆಯದಲ್ಲ. ಆದರೆ ಒಂದು ಎಚ್ಚರಿಕೆ ಅಗತ್ಯ. ರಮ್‌ನಲ್ಲಿ ಹಣ್ಣು ತಿಂಗಳುಗಟ್ಟಲೆ ಕೆಡದೆ ಉಳಿಯುವುದು ಅದರಲ್ಲಿರುವ ಆಲ್ಕೋಹಾಲ್‌ನಿಂದ. ಹಣ್ಣಿನ ರಸಕ್ಕೆ ಆ ಗುಣವಿಲ್ಲ. ಕಿತ್ತಳೆ ರಸದಲ್ಲೋ ಬೆಂಗಳೂರು ನೀಲಿ ದ್ರಾಕ್ಷಿಯ ರಸದಲ್ಲೋ ನೆನೆಹಾಕುವವರು ಅಕ್ಟೋಬರ್‌ನಲ್ಲಿ ಶುರುಮಾಡದೆ, ಕೇಕ್ ಬೇಯಿಸುವ ಎರಡು ದಿನ ಮೊದಲು ಹಣ್ಣು ಮತ್ತು ರಸವನ್ನು ಒಟ್ಟಿಗೆ ಒಂದು ಕುದಿ ಬರಿಸಿ, ಆರಿಸಿ, ಫ್ರಿಜ್‌ನಲ್ಲಿಡಬೇಕು. ಬಿಸಿಯಲ್ಲಿ ಹಣ್ಣು ಬೇಗ ರಸ ಹೀರುವುದರಿಂದ ಈ ಎರಡು ದಿನವೇ ಸಾಕಾಗುತ್ತದೆ.

ನವೆಂಬರ್: ಕಿತ್ತಳೆ ಸಿಪ್ಪೆ

ಅಂಗಡಿಯ ಸಿಪ್ಪೆಗಿಂತ ಮನೆಯಲ್ಲಿ ಮಾಡಿದ ಸಿಪ್ಪೆ ಎಷ್ಟೋ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಚಳಿ ಶುರುವಾಗುತ್ತಿದ್ದಂತೆ ಮಾರುಕಟ್ಟೆಗೆ ಕಿತ್ತಳೆ ಬರುತ್ತದೆ, ತಿಂದು ಎಸೆಯುವ ಸಿಪ್ಪೆಯೇ ಇದಕ್ಕೆ ಬೇಕಾದದ್ದು. ಸಡಿಲ ಸಿಪ್ಪೆಯ ಕೊಡಗಿನ ಕಿತ್ತಳೆ ಸಿಕ್ಕರೆ ಇನ್ನೂ ಅನುಕೂಲ, ಅದರ ಸಿಪ್ಪೆಯೊಳಗೆ ಕಹಿಯಾದ ಬಿಳಿಭಾಗ ಕಡಿಮೆ. ಸಿಪ್ಪೆಯನ್ನು ಚೆನ್ನಾಗಿ ತೊಳೆದು, ಒಳಗಿನ ಬಿಳಿಯನ್ನು ಚಮಚದಿಂದ ಕೆರೆದು, ಸಣ್ಣ ಎಳೆಗಳಾಗಿ ಹೆಚ್ಚಿ ನೀರಿನಲ್ಲಿ ಐದು ನಿಮಿಷ ಕುದಿಸಿ ಆ ನೀರನ್ನು ಚೆಲ್ಲಿ. ಹೀಗೆ ಮೂರು ಸಲ ಮಾಡಿದರೆ ಕಹಿ ಬಹುಪಾಲು ಇಳಿಯುತ್ತದೆ. ನಂತರ ಸಿಪ್ಪೆಯ ತೂಕದಷ್ಟೇ ಸಕ್ಕರೆ, ಅದರ ಅರ್ಧದಷ್ಟು ನೀರು ಸೇರಿಸಿ ಸಣ್ಣ ಉರಿಯಲ್ಲಿ ಕಾಯಿಸುತ್ತಾ ಹೋದಂತೆ ಸಿಪ್ಪೆ ಗಾಜಿನಂತೆ ಪಾರದರ್ಶಕವಾಗುತ್ತದೆ, ಪಾಕ ಹೆಚ್ಚುಕಡಿಮೆ ಇಂಗುತ್ತದೆ. ತಟ್ಟೆಯಲ್ಲಿ ಹರಡಿ ಒಂದು ದಿನ ಆರಿಸಿ, ನೆನೆಯುತ್ತಿರುವ ಹಣ್ಣಿಗೆ ಸೇರಿಸಬಹುದು.

ಡಿಸೆಂಬರ್ ಮೊದಲ ವಾರ: ಬೇಯಿಸುವ ದಿನ

ಮೊದಲು ಸಕ್ಕರೆ ಸುಡುವ ಕೆಲಸ. ನಮ್ಮ ಪ್ಲಮ್ ಕೇಕಿನ ಕಡುಕಂದು ಬಣ್ಣವೂ ಸಣ್ಣ ಕಹಿಯ ಅಂಚುಳ್ಳ ಸಿಹಿಯೂ ಬರುವುದು ಇದರಿಂದಲೇ, ಆದ್ದರಿಂದ ಈ ಹಂತಕ್ಕೆ ಪೂರ್ತಿ ಗಮನ ಕೊಡಬೇಕು. ದಪ್ಪ ತಳದ ಪಾತ್ರೆಯಲ್ಲಿ 100 ಗ್ರಾಂ ಸಕ್ಕರೆಗೆ ಒಂದು ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿಡಿ. ಸಕ್ಕರೆ ಕರಗಿ, ಜೇನಿನ ಬಣ್ಣ ದಾಟಿ, ಕೆಂಪಾಗಿ, ಅಂಚಿನಲ್ಲಿ ನೊರೆ ಏಳುತ್ತಾ ಮೊದಲ ಹೊಗೆಯ ಎಳೆ ಕಾಣಿಸಿದ ಕೂಡಲೇ ಒಲೆ ಆರಿಸಿ. ಇನ್ನೊಂದು ಒಲೆಯಲ್ಲಿ ಮೊದಲೇ ಕಾಯಿಸಿಟ್ಟ 75 ಮಿಲಿ ಬಿಸಿನೀರನ್ನು ಸ್ವಲ್ಪಸ್ವಲ್ಪವಾಗಿ, ಮುಖವನ್ನು ದೂರವಿಟ್ಟುಕೊಂಡು, ಉದ್ದ ಹಿಡಿಯ ಸೌಟಿನಿಂದ ಹಾಕಬೇಕು. ತಣ್ಣೀರು ಹಾಕಿದರೆ ಪಾಕ ಜೋರಾಗಿ ಸಿಡಿದು ಕೈ ಸುಡುತ್ತದೆ. ಸಿಡಿಯುವುದು ನಿಂತ ಮೇಲೆ ಮತ್ತೆ ಒಂದು ಕುದಿ ಬರಿಸಿ ಇಳಿಸಿ. ಮಕ್ಕಳನ್ನು ಆ ಹೊತ್ತು ಅಡುಗೆಮನೆಯಿಂದ ಹೊರಗಿಡುವುದು ಕ್ಷೇಮ.

ಇನ್ನು ಹಿಟ್ಟು. 250 ಗ್ರಾಂ ಉಪ್ಪಿಲ್ಲದ ಬೆಣ್ಣೆ, 200 ಗ್ರಾಂ ಪುಡಿ ಸಕ್ಕರೆ, ಐದು ಮೊಟ್ಟೆ, 250 ಗ್ರಾಂ ಮೈದಾ, ಒಂದು ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, 100 ಗ್ರಾಂ ಗೋಡಂಬಿ. ಚಕ್ಕೆ, ಲವಂಗ, ಏಲಕ್ಕಿ, ಒಣಶುಂಠಿಗಳನ್ನು ಅಂದೇ ಪುಡಿಮಾಡಿ, ಜಾಯಿಕಾಯಿಯನ್ನು ತುರಿದು, ಎಲ್ಲ ಸೇರಿ ಒಂದೂವರೆ ಟೀ ಚಮಚ ಆಗುವಷ್ಟಿರಲಿ. ಹಣ್ಣನ್ನು ಜರಡಿಯಲ್ಲಿ ಬಸಿದು, ಇಳಿದ ರಮ್ಮನ್ನು ಎತ್ತಿಡಿ, ಅದು ಮುಂದೆ ಬೇಕಾಗುತ್ತದೆ.

ಬೆಣ್ಣೆ ಮತ್ತು ಸಕ್ಕರೆಯನ್ನು ಬಿಳಿಚಿಕೊಂಡು ಹಗುರಾಗುವವರೆಗೆ ಕಡೆಯಬೇಕೆಂದು ಎಲ್ಲರೂ ಹೇಳುತ್ತಾರೆ, ಆದರೆ ಅದು ಊರಿನ ಹವೆಯನ್ನು ಅವಲಂಬಿಸಿದ ಮಾತು. ಬೆಂಗಳೂರು, ಚಿಕ್ಕಮಗಳೂರು, ಮಡಿಕೇರಿಗಳಲ್ಲಿ ಡಿಸೆಂಬರ್ ಬೆಳಿಗ್ಗೆ ಹೊರಗಿಟ್ಟ ಬೆಣ್ಣೆ ಗಂಟೆಗಟ್ಟಲೆ ಕಲ್ಲಿನಂತೆಯೇ ಇರುತ್ತದೆ, ಹೀಗಾಗಿ ಹಿಂದಿನ ರಾತ್ರಿಯೇ ಫ್ರಿಜ್‌ನಿಂದ ತೆಗೆದಿಡಬೇಕು; ಮೊಟ್ಟೆಗಳನ್ನೂ ಅಷ್ಟೇ, ತಣ್ಣನೆಯ ಮೊಟ್ಟೆ ಹಾಕಿದರೆ ಬೆಣ್ಣೆ ಒಡೆದು ಗಂಟುಗಂಟಾಗುತ್ತದೆ. ಮಂಗಳೂರು, ಉಡುಪಿ, ಕಾರವಾರಗಳಲ್ಲಿ ಕಷ್ಟ ಇದರ ತದ್ವಿರುದ್ಧ. ಅಲ್ಲಿ ಮಧ್ಯಾಹ್ನ ಬೆಣ್ಣೆ ಕರಗಿ ಎಣ್ಣೆ ಬಿಡುತ್ತದೆ, ಎಣ್ಣೆಯಾದ ಬೆಣ್ಣೆ ಗಾಳಿಯನ್ನು ಹಿಡಿದಿಡುವುದಿಲ್ಲ, ಹಾಗಾಗಿ ಕರಾವಳಿಯವರು ಬೆಳಗಿನ ತಂಪಿನಲ್ಲೇ ಈ ಕೆಲಸ ಮುಗಿಸಬೇಕು. ಬೆರಳು ಒತ್ತಿದರೆ ಗುರುತು ಉಳಿಯಬೇಕು, ಬೆರಳಿಗೆ ಜಿಡ್ಡು ಮಾತ್ರ ಹರಿಯಬಾರದು. ಅದು ಸರಿಯಾದ ಹದ.

ಕಡೆದ ಬೆಣ್ಣೆಗೆ ಮೊಟ್ಟೆಗಳನ್ನು ಒಂದೊಂದಾಗಿ ಸೇರಿಸಿ, ಪ್ರತಿ ಸಲವೂ ಚೆನ್ನಾಗಿ ಬೆರೆಸಿ. ಮಿಶ್ರಣ ಒಡೆಯುವಂತೆ ಕಂಡರೆ ಒಂದು ಚಮಚ ಮೈದಾ ಹಾಕಿದರೆ ಸರಿಹೋಗುತ್ತದೆ. ಪೂರ್ತಿ ಆರಿದ ಸಕ್ಕರೆ ಪಾಕ, ನಂತರ ಮೈದಾ, ಬೇಕಿಂಗ್ ಪೌಡರ್, ಮಸಾಲೆಗಳನ್ನು ಜರಡಿ ಹಿಡಿದು ಸೇರಿಸಿ. ಕೊನೆಯಲ್ಲಿ ಹಣ್ಣು ಮತ್ತು ಗೋಡಂಬಿ. ಹಣ್ಣು ತಳ ಸೇರದಿರಲಿ ಎಂದು ಅದಕ್ಕೆ ಮೈದಾ ಹೊರಳಿಸುವ ರೂಢಿಯಿದೆ, ಮೇಲಿನ ತೇವವನ್ನು ಅದು ಹೀರುವುದು ನಿಜ. ಆದರೂ ಹಣ್ಣನ್ನು ಎತ್ತಿಹಿಡಿಯುವುದು ಮುಖ್ಯವಾಗಿ ಹಿಟ್ಟಿನ ಗಟ್ಟಿತನ. ಸೌಟಿನಿಂದ ಎತ್ತಿದಾಗ ಹಿಟ್ಟು ಹರಿಯದೆ, ಸ್ವಲ್ಪ ತಡೆದು ಧೊಪ್ಪನೆ ಬೀಳಬೇಕು. ಮೊಟ್ಟೆ ತಿನ್ನದವರು ಇದೇ ಅಳತೆಯಲ್ಲಿ ಮೊಟ್ಟೆಯನ್ನಷ್ಟೇ ಬಿಟ್ಟು ಮಾಡಲು ಹೋಗಬಾರದು, ಮೊಟ್ಟೆಯಿಲ್ಲದ ಕೇಕಿಗೆ ಅಳತೆಯೇ ಬೇರೆ.

ಒಂಬತ್ತು ಇಂಚು ಅಗಲ, ಮೂರು ಇಂಚು ಎತ್ತರದ ಟಿನ್ನಿಗೆ ತಳದಲ್ಲೂ ಸುತ್ತಲೂ ಬಟರ್ ಪೇಪರನ್ನು ಎರಡು ಪದರವಾಗಿ ಹಾಸಿ ಹಿಟ್ಟು ತುಂಬಿ. ಮೊದಲೇ ಕಾಯಿಸಿದ ಓವನ್‌ನಲ್ಲಿ 150 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಎರಡರಿಂದ ಎರಡೂವರೆ ಗಂಟೆ ಬೇಯಬೇಕು. ಇಷ್ಟು ಸಕ್ಕರೆ, ಹಣ್ಣು ಇರುವ ಕೇಕನ್ನು ಹೆಚ್ಚು ಉರಿಯಲ್ಲಿಟ್ಟರೆ ಹೊರಗೆ ಕರಕಲಾಗಿ ನಡುವೆ ಹಸಿಯಾಗಿ ಉಳಿಯುತ್ತದೆ. ಒಂದು ಗಂಟೆಯ ನಂತರ ಮೇಲ್ಭಾಗ ಕಪ್ಪಾಗತೊಡಗಿದರೆ ಫಾಯಿಲ್ ಹೊದಿಸಿ. ನಡುವೆ ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಅಂಟದಿದ್ದರೆ ಕೇಕ್ ಬೆಂದಿದೆ. ಹಣ್ಣಿನ ಅಂಟು ಬಂದರೆ ಗಾಬರಿ ಬೇಡ. ಓವನ್ ಇಲ್ಲದವರು ಅರ್ಧ ಅಳತೆಯಲ್ಲಿ ಮಾಡಿ, ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಒಂದು ಪದರ ಮರಳು ಅಥವಾ ಕಲ್ಲುಪ್ಪು ಹಾಕಿ, ಸ್ಟ್ಯಾಂಡ್ ಮೇಲೆ ಟಿನ್ನಿಟ್ಟು, ಮುಚ್ಚಿ ಅತಿ ಸಣ್ಣ ಉರಿಯಲ್ಲಿ ಬೇಯಿಸಬಹುದು. ಹಿಂದೆ ಬೆಂಗಳೂರಿನಲ್ಲಿ ಓವನ್ ಇಲ್ಲದ ಮನೆಗಳವರು ಹಿಟ್ಟು ತುಂಬಿದ ಟಿನ್ನುಗಳನ್ನು ಬೀದಿಯ ಬೇಕರಿಗೆ ಒಯ್ದು, ಅಲ್ಲಿನ ಸೌದೆಯ ಗೂಡಿನಲ್ಲಿ ಬೇಯಿಸಿಕೊಂಡು ಬರುತ್ತಿದ್ದರು. ಹತ್ತಿರದ ಬೇಕರಿಯವರು ಒಪ್ಪುವುದಾದರೆ ಅದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೊಂದಿಲ್ಲ.

ಹಬ್ಬದವರೆಗೆ ಕಾಯುವುದು

ಕೇಕ್ ಟಿನ್ನಿನಲ್ಲೇ ಪೂರ್ತಿ ಆರಲಿ. ಮರುದಿನ ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ, ಎತ್ತಿಟ್ಟ ರಮ್ಮನ್ನು ಎರಡು ಟೇಬಲ್ ಚಮಚದಷ್ಟು ಸಮನಾಗಿ ಹನಿಸಿ, ಬಟರ್ ಪೇಪರ್, ಅದರ ಮೇಲೆ ಫಾಯಿಲ್ ಸುತ್ತಿ ಗಾಳಿಯಾಡದ ಡಬ್ಬಿಯಲ್ಲಿಡಿ. ವಾರಕ್ಕೊಮ್ಮೆ ಒಂದು ಚಮಚ ಸಾಕು, ಹೆಚ್ಚಾದರೆ ಕೇಕ್ ಒದ್ದೆಯಾಗಿ ತಳ ಜಿಗುಟಾಗುತ್ತದೆ. ಕರಾವಳಿಯ ತೇವದಲ್ಲಿ ಬೂಸ್ಟು ಬರುವ ಸಾಧ್ಯತೆ ಹೆಚ್ಚಿರುವುದರಿಂದ ಅಲ್ಲಿ ಪ್ರತಿ ವಾರ ಬಿಚ್ಚಿ ತಳವನ್ನೂ ನೋಡಬೇಕು. ಹಣ್ಣಿನ ರಸದ ಕೇಕನ್ನು ಹೀಗೆ ಇಡಬಾರದು. ಅದನ್ನು ಹಬ್ಬಕ್ಕೆ ಮೂರು ನಾಲ್ಕು ದಿನವಿರುವಾಗ ಬೇಯಿಸಿ ಫ್ರಿಜ್‌ನಲ್ಲಿಟ್ಟು, ಒಂದು ವಾರದೊಳಗೆ ಮುಗಿಸಬೇಕು.

ಮಂಗಳೂರಿನ ಕಡೆ ನೆರೆಹೊರೆಗೆ ಕಳುಹಿಸುವ ಕುಸ್ವಾರ್ ಎಂಬ ಕ್ರಿಸ್‌ಮಸ್ ತಿಂಡಿಗಳ ತಟ್ಟೆಯಲ್ಲಿ ನೆವ್ರಿ, ಕಿಡಿಯೊ, ಗುಳಿಯೊಗಳ ಪಕ್ಕದಲ್ಲಿ ಈ ಕೇಕಿಗೂ ಜಾಗವಿದೆ. ತಟ್ಟೆಗೆ ಇಡುವ ಕೇಕನ್ನು ಹಿಂದಿನ ದಿನವೇ ಕತ್ತರಿಸಿಡಬಾರದು, ತುಂಡಿನ ಅಂಚು ಒಣಗಿ ಪುಡಿಯಾಗುತ್ತದೆ. ಹಲ್ಲಿರುವ ಬ್ರೆಡ್ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿಕೊಂಡು, ಒತ್ತದೆ ಗರಗಸದಂತೆ ಹಿಂದೆಮುಂದೆ ಆಡಿಸಿ ಅರ್ಧ ಇಂಚಿನ ತುಂಡುಗಳಾಗಿ ಕತ್ತರಿಸಿ. ಇದು ಭಾರವಾದ ಕೇಕ್, ಅಷ್ಟು ತೆಳ್ಳಗಿದ್ದರೇ ಚೆನ್ನ. ರಮ್ ಹಾಕಿದ ಕೇಕಾಗಿದ್ದರೆ ತಟ್ಟೆಯೊಂದಿಗೆ ಆ ವಿಷಯವನ್ನೂ ತಿಳಿಸಿ ಕಳುಹಿಸಬೇಕು.